ಗದಗ ಸೀಮೆಯ ನಾಲ್ಕು ಊರುಗಳಲ್ಲಿ ನೀರಿನ ವ್ಯವಸ್ಥೆ ಮತ್ತು ನೀರಪಟ್ಟಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಊರುಗಳು 1997ರಲ್ಲಿ ರಚಿತವಾದ ಗದಗ ಜಿಲ್ಲೆಗೆ ಸೇರಿವೆ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಾತ್ರ ಮಳೆ ಬೀಳುವ ಈ ಸೀಮೆಯಲ್ಲಿ ಕುಡಿಯುವ ನೀರು ಎಂದಿಗೂ ಸುಲಭವಾಗಿ ದೊರೆತುದಲ್ಲ. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಿದ್ದರೂ ಗದಗ ನಗರವು ಆ ನದಿಗಿಂತ ಎತ್ತರದ ನೆಲದಲ್ಲಿದೆ. ಆದುದರಿಂದ ನೀರನ್ನು ಒದಗಿಸುವ ವೆಚ್ಚವನ್ನು ಯಾರು, ಯಾವ ಅಳತೆಯ ಮೇಲೆ ಹೊರಬೇಕು ಎಂಬ ಪ್ರಶ್ನೆ ಇಲ್ಲಿ ಬಹು ಹಳೆಯದು. ಅದಕ್ಕೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಪ್ರಾಚೀನ ಕಾಲದ ಉತ್ತರವು ದಾನದ ರೂಪದಲ್ಲಿದ್ದಿತು. ಲಕ್ಕುಂಡಿಯ ಮುಸುಕಿನ ಬಾವಿ, ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದ ಬಾವಿ, ಡಂಬಳದ ದೊಡ್ಡ ಕೆರೆ ಇವು ಈ ಸೀಮೆಯ ಜಲಾಶ್ರಯಗಳ ಸಾಕ್ಷಿಗಳಾಗಿ ಇಂದಿಗೂ ಉಳಿದಿವೆ. ಕೆರೆಯ ದುರಸ್ತಿಗಾಗಿ ಭೂಮಿಯನ್ನೋ ಬೆಳೆಯ ಒಂದು ಭಾಗವನ್ನೋ ಬಿಡುವ ಪದ್ಧತಿಯನ್ನು ಕನ್ನಡ ಶಾಸನಗಳು ‘ಬಿತ್ತುವಟ್ಟ’, ‘ಕೆರೆಗೊಡಗೆ’ ಮುಂತಾದ ಶಬ್ದಗಳಿಂದ ಸೂಚಿಸುತ್ತವೆ. ಅಂದರೆ ನೀರಿನ ವೆಚ್ಚವನ್ನು ಭೂಮಿಯು ಹೊರುತ್ತಿದ್ದಿತೇ ಹೊರತು ಕೊಡ ಹೊತ್ತವರಲ್ಲ. ಆದರೆ ಈ ಕಾಲವನ್ನು ಆದರ್ಶವೆಂದು ಬಗೆಯುವುದು ತಪ್ಪಾದೀತು. ದಾನದಿಂದ ಬಂದ ನೀರು ದಾನಿಯ ಹಾಗೂ ಊರ ಹಿರಿಯರ ಕಟ್ಟಳೆಗೆ ಒಳಪಟ್ಟಿದ್ದಿತು. ಅಸ್ಪೃಶ್ಯರೆನಿಸಿದವರು ಬಾವಿಯ ಮೆಟ್ಟಿಲಿಳಿಯುವಂತಿರಲಿಲ್ಲ.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಕೊನೆಗೊಂಡ ಮೇಲೆ ಈ ಊರುಗಳ ದಾರಿ ಬೇರೆಬೇರೆಯಾಯಿತು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತಕ್ಕೆ ಸೇರಿದುವು. ಲಕ್ಷ್ಮೇಶ್ವರವು ಮಿರಜ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದ ಪಟವರ್ಧನರ ಆಡಳಿತದಲ್ಲಿ 1948ರ ವಿಲೀನದವರೆಗೆ ಉಳಿದುವು. ಆದ್ದರಿಂದ ಪ್ರಾಂತದ ಪೌರಾಡಳಿತ ಕಾಯಿದೆಗಳು ಇವೆರಡಕ್ಕೆ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. 1850ರ 26ನೆಯ ಕಾಯಿದೆಯು ನಿವಾಸಿಗಳು ಬಯಸಿದಲ್ಲಿ ಪುರಸಭೆಯನ್ನು ಸ್ಥಾಪಿಸಲು ಅವಕಾಶವಿತ್ತಿದ್ದಿತು. ಮುಂದೆ 1901ರ ಮುಂಬಯಿ ಜಿಲ್ಲಾ ಪುರಸಭೆಗಳ ಕಾಯಿದೆಯು ನೀರಿನ ಕರದಲ್ಲಿ ಸಾಮಾನ್ಯ, ವಿಶೇಷ ಎಂಬ ಎರಡು ಬಗೆಗಳನ್ನು ಗುರುತಿಸಿತು. ಊರಿಗೆಲ್ಲ ಒದಗುವ ನೀರಿಗಾಗಿ ಮನೆ-ಜಾಗಗಳ ಮೇಲೆ ಕೂರಿಸಬಹುದಾದ ಕರ ಒಂದು. ಮನೆಯೊಳಗೆ ನಳ ತೆಗೆದುಕೊಂಡವರ ಪ್ರತ್ಯೇಕ ಸೌಕರ್ಯಕ್ಕೆ ತಕ್ಕ ಕರ ಇನ್ನೊಂದು. ಜನರ ಬಾಯಲ್ಲಿ ಮನೆಪಟ್ಟಿಯ ಜೊತೆಗೆ ನೀರಪಟ್ಟಿಯೂ ನೆಲೆಗೊಂಡಿತು.

ಕರದೊಡನೆ ಹಕ್ಕಿನ ಪ್ರಶ್ನೆಯೂ ಎದ್ದಿತೆಂಬುದು ಗಮನಾರ್ಹವಾದ ಸಂಗತಿ. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಸುವ ಬಾವಿ, ಕೆರೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಎಸ್. ಕೆ. ಬೋಳೆಯವರು ಮಂಡಿಸಿದ ನಿರ್ಣಯವನ್ನು ಮುಂಬಯಿ ಶಾಸನ ಪರಿಷತ್ತು 1923ರಲ್ಲಿ ಅಂಗೀಕರಿಸಿತು. ಅದನ್ನು ಆಚರಣೆಗೆ ತರಲೆಂದೇ 1927ರಲ್ಲಿ ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಮುಟ್ಟಿದರು. ಮಹಾಡವು ಕೊಂಕಣದ ಊರಾದರೂ ನಿರ್ಣಯವು ಗದಗವನ್ನೊಳಗೊಂಡ ಇಡೀ ಪ್ರಾಂತಕ್ಕೆ ಸಂಬಂಧಿಸಿದುದು. ದಾನದ ನೀರಿಗೆ ಕೃತಜ್ಞತೆಯೊಂದೇ ಉತ್ತರ. ಎಲ್ಲರ ಹಣದ ನೀರಿಗಾದರೋ ಎಲ್ಲರೂ ಹಕ್ಕುದಾರರು. ಈ ದೃಷ್ಟಿಯಿಂದ ನೀರಪಟ್ಟಿಯು ಕೇವಲ ಹೊರೆಯಲ್ಲ, ನಾಗರಿಕತ್ವದ ಒಂದು ಗುರುತೂ ಹೌದು.

1956ರ ರಾಜ್ಯ ಪುನರ್ವಿಂಗಡಣೆಯಿಂದ ನಾಲ್ಕೂ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದುವು. 1964ರ ಪುರಸಭೆಗಳ ಕಾಯಿದೆಯು ಅವುಗಳನ್ನು ಒಂದೇ ಕಟ್ಟಳೆಗೆ ತಂದಿತು. 1975ರಲ್ಲಿ ಅಸ್ತಿತ್ವಕ್ಕೆ ಬಂದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ದೊಡ್ಡ ಯೋಜನೆಗಳನ್ನು ಕೈಗೊಂಡಿತು. ಮುಂಡರಗಿ ತಾಲೂಕಿನ ಹಮ್ಮಿಗಿಯ ಬಳಿ ತುಂಗಭದ್ರೆಯ ನೀರನ್ನೆತ್ತಿ ಗದಗಕ್ಕೆ ಸಾಗಿಸುವ ವ್ಯವಸ್ಥೆಯಲ್ಲಿ ಪಂಪುಗಳ ವಿದ್ಯುತ್ ವೆಚ್ಚವು ಎಂದಿಗೂ ತಪ್ಪದು. ಕಟ್ಟುವ ಹಣ ಸರಕಾರದಿಂದ ಒಮ್ಮೆ ಬರಬಹುದು. ನಡೆಸುವ ಹಣವನ್ನು ಪ್ರತಿ ತಿಂಗಳೂ ಕೂಡಿಸಬೇಕು.

ಇಲ್ಲಿಯೇ ಅಳತೆಯ ಪ್ರಶ್ನೆ ಮತ್ತೆ ತಲೆದೋರುತ್ತದೆ. ಪ್ರತಿ ನಳಕ್ಕೂ ಒಂದೇ ದರವಾದರೆ, ತಗ್ಗಿನಲ್ಲಿದ್ದು ಬೇಕಾದಷ್ಟು ನೀರು ಪಡೆವ ಮನೆಯೂ ಎತ್ತರದಲ್ಲಿದ್ದು ನಾಲ್ಕು ಕೊಡ ತುಂಬಿಕೊಳ್ಳುವ ಮನೆಯೂ ಸಮನಾಗಿ ತೆರಬೇಕಾಗುತ್ತದೆ. ಮೀಟರು ಈ ಅನ್ಯಾಯವನ್ನು ನೀಗುವುದೆಂಬ ವಾದವುಂಟು. ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಲ್ಲಿ 2008ರಿಂದ ದಿನವಿಡೀ ನೀರನ್ನಿತ್ತು ಮೀಟರಿನಿಂದ ಅಳೆದ ಪ್ರಯೋಗ ಪ್ರಸಿದ್ಧವಾಗಿದೆ. ಆದರೆ ಅಲ್ಲಿ ಮೀಟರಿನೊಡನೆ ನಿರಂತರ ನೀರೂ ಬಂದಿತೆಂಬುದನ್ನು ಮರೆಯಲಾಗದು. ಬಿಟ್ಟು ಬಿಟ್ಟು ನೀರು ಹರಿಯುವ ಕೊಳವೆಯಲ್ಲಿ ಮೊದಲು ಹೊರಡುವ ಗಾಳಿಯೂ ಮೀಟರನ್ನು ತಿರುಗಿಸಬಲ್ಲುದು. ಅಲ್ಲದೆ ತೊಟ್ಟಿ ಕಟ್ಟಿಸಲಾರದ ಬಡವನು ನೀರಪಟ್ಟಿಯನ್ನೂ ತೆತ್ತು, ಬಾರದ ದಿನಗಳಲ್ಲಿ ಕೊಡದ ನೀರನ್ನೂ ಕೊಳ್ಳಬೇಕಾಗುತ್ತದೆ.

ಮೇಲಿನ ವಿವೇಚನೆಯಿಂದ, ಭೂಮಿಯಿಂದ ಮನೆಗೆ, ಮನೆಯಿಂದ ನಳಕ್ಕೆ, ನಳದಿಂದ ಮೀಟರಿಗೆ ಭಾರದ ಅಳತೆಯು ಸರಿದುಬಂದುದು ಸ್ಪಷ್ಟವಾಗುತ್ತದೆ. ಪ್ರತಿ ಹಂತದಲ್ಲಿಯೂ ಯಾರ ಹೊರೆ ಇಳಿಯಿತು, ಯಾರ ಹೊರೆ ಏರಿತು ಎಂದು ಕೇಳುವುದು ಇತಿಹಾಸಕಾರನ ಕೆಲಸ. ದರ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ, ತೆತ್ತವನಿಗೆ ಗೊತ್ತಾದ ಹೊತ್ತಿನಲ್ಲಿ ನೀರು ಬಂದಿತೇ ಎಂಬುದೇ ನೀರಪಟ್ಟಿಯ ನ್ಯಾಯವನ್ನು ನಿರ್ಣಯಿಸುತ್ತದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಪುರಸಭೆಯ ಠರಾವು ಪುಸ್ತಕಗಳನ್ನೂ ಜಮಾ-ಖರ್ಚಿನ ಲೆಕ್ಕಗಳನ್ನೂ ಈ ದೃಷ್ಟಿಯಿಂದ ಓದಿದರೆ, ಶಾಸನಗಳಷ್ಟೇ ಬೆಲೆಯುಳ್ಳ ಸಾಮಗ್ರಿ ಅಲ್ಲಿ ದೊರೆಯುವುದರಲ್ಲಿ ಸಂದೇಹವಿಲ್ಲ.