ಕೈ ಯಾರದು, ಶಕ್ತಿ ಯಾರದು?

ಶಹಾಬಾದಿನಲ್ಲಿ ಪರಸಿ ಕಲ್ಲು ಪಾಲಿಶ್ ಮಾಡುತ್ತಾ ಇಪ್ಪತ್ತು ವರ್ಷ ಕಳೆದ ಕಾರ್ಮಿಕರೊಬ್ಬರು ಹೋದ ವರ್ಷ ನಮಗೊಂದು ಪ್ರಶ್ನೆ ಹಾಕಿದರು. ಸೊಂಟ ನೋವು ತಾಳಲಾರದೆ ಅವರು ರೇಕಿ ಶಿಬಿರಕ್ಕೆ ಹೋಗಿದ್ದರು. ಮೈಮೇಲೆ ಕೈ ಇಟ್ಟು 'ಶಕ್ತಿ' ಹರಿಸುವ ಚಿಕಿತ್ಸೆ ಅದು. ವಿಷಯ ತಿಳಿದ ಸಭಾಪಾಲಕರು, ಅದು ದೇವರ ಶಕ್ತಿಯಲ್ಲ, ಇನ್ನು ಹೋಗಬೇಡಿ ಅಂದರಂತೆ. "ನೋವು ನಂದು ಸರ. ಇದರಾಗ ಧರ್ಮ ಎಲ್ಲಿಂದ ಬಂತ್ರೀ?"

ಉತ್ತರಕ್ಕಾಗಿ ನಾವು ಬಹಳ ದೂರ ಹೋಗಬೇಕಾಗಲಿಲ್ಲ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿ ದಂಡೆಯ ಮೇಲೆ, ಇದೇ ಜಗಳ ಸಾವಿರದ ನೂರು ವರ್ಷಗಳ ಹಿಂದೆಯೇ ನಡೆದಿತ್ತು. ಆಗ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ನೃಪತುಂಗ ಅಮೋಘವರ್ಷ ಆಳಿದ್ದು ಕ್ರಿ.ಶ. 814ರಿಂದ 878ರವರೆಗೆ. 'ಕಲ್ಯಾಣಕಾರಕ' ಎಂಬ ಸಂಸ್ಕೃತ ವೈದ್ಯಗ್ರಂಥ ಬರೆದ ಜೈನ ಮುನಿ ಉಗ್ರಾದಿತ್ಯ ನೃಪತುಂಗನ ಆಸ್ಥಾನದಲ್ಲಿ, ವೈದ್ಯರ ಸಭೆಯ ಮುಂದೆ, ಔಷಧಿಯಲ್ಲಿ ಮಾಂಸ ಬಳಸುವುದನ್ನು ವಿರೋಧಿಸಿ ವಾದ ಮಂಡಿಸಿದ. ಆ ವಾದ ಅವನ ಗ್ರಂಥದ ಕೊನೆಯಲ್ಲಿ 'ಹಿತಾಹಿತಾಧ್ಯಾಯ' ಎಂಬ ಹೆಸರಿನಲ್ಲಿದೆ. ಮದ್ಯ, ಮಾಂಸ, ಜೇನು ಮೂರನ್ನೂ ಬಿಟ್ಟು ಮದ್ದು ಮಾಡಬೇಕೆಂಬುದು ಆ ಜೈನ ವೈದ್ಯ ಪರಂಪರೆಯ ನಿಯಮ.

ಇದು ಧರ್ಮದ ಆಕ್ಷೇಪವೇ, ಅಹಿಂಸೆಯಿಂದ ಹುಟ್ಟಿದ್ದು. ಆದರೆ ಉಗ್ರಾದಿತ್ಯ 'ಪಾಪ' ಎಂದು ಹೇಳಿ ಅಲ್ಲಿಗೇ ಬಿಡಲಿಲ್ಲ. ಮಾಂಸದಿಂದ ರೋಗಿಗೆ ಉಪಯೋಗವೂ ಇಲ್ಲ ಎಂದು ವೈದ್ಯರ ಎದುರೇ ವಾದಿಸಿದ. ಧರ್ಮಕ್ಕೆ ಒಪ್ಪುತ್ತದೆಯೇ ಎಂಬುದು ಒಂದು ಪ್ರಶ್ನೆ, ಗುಣವಾಗುತ್ತದೆಯೇ ಎಂಬುದು ಇನ್ನೊಂದು. ಅವನು ಎರಡನ್ನೂ ಸಭೆಯ ಮುಂದಿಟ್ಟ.

ಹಾಗಂತ ಆ ಕಾಲದವರೆಲ್ಲ ಒಂದೇ ದಾರಿ ಹಿಡಿದಿದ್ದರು ಎಂದೇನಲ್ಲ. ಜೈನ ಗುರು ಜಿನಸೇನರ ಶಿಷ್ಯನಾಗಿದ್ದ ಅದೇ ಅಮೋಘವರ್ಷ, ನಾಡಿಗೆ ಬಂದ ವಿಪತ್ತು ಕಳೆಯಲೆಂದು ತನ್ನ ಎಡಗೈ ಬೆರಳು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ ಎಂದು 871ರ ಸಂಜಾನ್ ತಾಮ್ರಪಟ ಹೊಗಳುತ್ತದೆ. ಕಷ್ಟ ಬಂದಾಗ ಮನುಷ್ಯ ಎಲ್ಲ ಬಾಗಿಲೂ ಬಡಿಯುತ್ತಾನೆ, ರಾಜನಾದರೂ ಅಷ್ಟೇ.

ಮುಂದೆ 12ನೇ ಶತಮಾನದಲ್ಲಿ, ಚಿಂಚೋಳಿಯಿಂದ ವಾಯವ್ಯಕ್ಕಿರುವ ಕಲ್ಯಾಣದಲ್ಲಿ ಶರಣರು ಇದೇ ಮಾತನ್ನು ಬೇರೆ ರೀತಿ ಎತ್ತಿದರು. ಲಿಂಗ ಕಟ್ಟಿಕೊಂಡವರು ರೋಗ ಬಂತೆಂದು ಮಾರಿ ಮಸಣಿಯ ಮುಂದೆ ನಿಲ್ಲುವುದು ನಿಷ್ಠೆಯಲ್ಲ ಎಂದರು. ಅವರು ಮದ್ದನ್ನು ಮಾತ್ರ ಬೇಡ ಅನ್ನಲಿಲ್ಲ. ವೈದ್ಯ ಸಂಗಣ್ಣ ಎಂಬ ವೈದ್ಯ ವೃತ್ತಿಯ ಶರಣ ಅವರ ನಡುವೆಯೇ ಇದ್ದ.

ಮುಸ್ಲಿಮರಲ್ಲೂ ಈ ಚರ್ಚೆ ಹಳೆಯದು. ಕುರಾನಿನ ಮಾತು ಓದಿ ರೋಗಿಯ ಮೇಲೆ ಊದುವುದಕ್ಕೆ ಒಪ್ಪಿಗೆ ಇದೆ, ಆದರೆ ಗುಣಪಡಿಸುವವನು ಅಲ್ಲಾಹ್ ಒಬ್ಬನೇ ಎಂಬುದನ್ನು ಮರೆಯಬಾರದು. ತಾಯಿತ ಕಟ್ಟುವ ಬಗ್ಗೆ ಉಲೇಮಾಗಳಲ್ಲೇ ಒಮ್ಮತವಿಲ್ಲ. ಇತ್ತ ವಾಡಿ ಪಕ್ಕದ ಹಲಕಟ್ಟಾ ದರ್ಗಾಕ್ಕೆ ಎಲ್ಲ ಜಾತಿಯ ಜನ ಹರಕೆ ಹೊತ್ತು ಹೋಗುತ್ತಾರೆ.

ಇನ್ನು ರೇಕಿಯ ಮಾತು. ಜಪಾನಿನ ಮಿಕಾವೊ ಉಸುಯಿ 1922ರಲ್ಲಿ ಇದನ್ನು ಶುರು ಮಾಡಿದರು. ಹವಾಯೊ ತಕಾತಾ ಎಂಬ ಮಹಿಳೆ ಅದನ್ನು ಹವಾಯಿ ದ್ವೀಪಕ್ಕೆ ಒಯ್ದರು, ಅಲ್ಲಿಂದ ಜಗತ್ತಿಗೆ ಹರಡಿತು. 2009ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಥೊಲಿಕ್ ಬಿಷಪ್‌ಗಳು, ರೇಕಿ ತಮ್ಮ ಸಂಸ್ಥೆಗಳಿಗೆ ತಕ್ಕುದಲ್ಲ ಎಂದು ಮಾರ್ಗಸೂಚಿ ಹೊರಡಿಸಿದರು. ಗುಣವಾಗುವುದಕ್ಕೆ ದೇವರ ಕೃಪೆ ಮತ್ತು ನಿಸರ್ಗದ ಚಿಕಿತ್ಸೆ ಎಂಬ ಎರಡು ದಾರಿಗಳಿವೆ, ರೇಕಿಗೆ ಕ್ರೈಸ್ತ ಬೋಧನೆಯ ಆಧಾರವೂ ಇಲ್ಲ, ವಿಜ್ಞಾನದ ಪುರಾವೆಯೂ ಇಲ್ಲ ಎಂಬುದು ಅವರ ತರ್ಕ. ಮಳಖೇಡದ ಸಭೆಯ ಆ ಎರಡು ಪ್ರಶ್ನೆಗಳೇ ಇಲ್ಲಿಯೂ ಇವೆ.

ಕಾನೂನು ಕೇಳುವುದು ಎರಡನೆಯ ಪ್ರಶ್ನೆಯನ್ನು ಮಾತ್ರ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಾಯಿತ, ಮಂತ್ರ, ಕವಚಗಳಿಂದ ರೋಗ ವಾಸಿ ಮಾಡುತ್ತೇವೆಂಬ ಜಾಹೀರಾತಿಗೆ ಕಡಿವಾಣ ಹಾಕಿತು. ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆ, ಹಾವು ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದನ್ನು ಅಪರಾಧ ಎನ್ನುತ್ತದೆ. ತೊಗರಿ ಹೊಲಗಳ ನಮ್ಮ ಸೀಮೆಗೆ ಇದು ಪ್ರಾಣದ ಮಾತು.

ಹಾಗಾದರೆ ಧರ್ಮದವರು ಆಕ್ಷೇಪಿಸಲೇಬಾರದೇ? ಆಕ್ಷೇಪಿಸಲಿ. ಹೇಗೆ ಎಂಬುದಕ್ಕೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಒಂದು ಕಲ್ಲಿದೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿರುವ 12ನೇ ಶಾಸನ, ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಹಳಿಯುವಾಗ ನಾಲಿಗೆ ಹಿಡಿತದಲ್ಲಿರಲಿ ಎಂದು ಬುದ್ಧಿ ಹೇಳುತ್ತದೆ. ನಿಮ್ಮವರಿಗೆ ಬೇಡ ಎನ್ನಿ, ಪಕ್ಕದವರ ನಂಬಿಕೆಯನ್ನು ದೆವ್ವದ ಕೆಲಸ ಎನ್ನಬೇಡಿ ಎಂದು ನಾವು ಅದನ್ನು ಓದಿಕೊಳ್ಳುತ್ತೇವೆ.

ಆ ಕಾರ್ಮಿಕರಿಗೆ ನಾವು ಇಷ್ಟೆಲ್ಲ ಹೇಳಲಿಲ್ಲ. ಕಾಲು ಜೋಮು ಹಿಡಿಯುತ್ತದೆಯೇ, ಎಕ್ಸ್‌ರೇ ತೆಗೆಸಿದ್ದೀರಾ ಎಂದು ಕೇಳಿದೆವು. ಹಿಡಿಯುತ್ತದೆ ಅಂದರು. ಎಕ್ಸ್‌ರೇ ತೆಗೆಸಿರಲಿಲ್ಲ. ಕೈ ಇಟ್ಟವರೂ ಕೇಳಿರಲಿಲ್ಲ, ಬೇಡ ಎಂದವರೂ ಕೇಳಿರಲಿಲ್ಲ. ಶಕ್ತಿ ಯಾರದು ಎಂಬ ಚರ್ಚೆಯಲ್ಲಿ ಸೊಂಟ ಯಾರದು ಎಂಬುದನ್ನೇ ಎಲ್ಲರೂ ಮರೆತಿದ್ದರು.