ಕೀ ಕ್ಲಬ್: ಸ್ಯಾಕ್ರಮೆಂಟೊದಿಂದ ಹೊರಟ ವಿದ್ಯಾರ್ಥಿ ಸಂಘ

ಪ್ರೌಢಶಾಲಾ ವಿದ್ಯಾರ್ಥಿಗಳ ಸೇವಾ ಸಂಘವಾದ ಕೀ ಕ್ಲಬ್ 1925ರ ಮೇ 7ರಂದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹೈಸ್ಕೂಲಿನಲ್ಲಿ ಆರಂಭವಾಯಿತು. ಶಾಲೆಗಳಲ್ಲಿ ಆಗ ಬೆಳೆದಿದ್ದ ಹುಡುಗರ ಕೂಟಗಳಿಗೆ (ಫ್ರೆಟರ್ನಿಟಿಗಳಿಗೆ) ಆರೋಗ್ಯಕರ ಪರ್ಯಾಯವೊಂದು ಬೇಕೆಂದು ಕಿವಾನಿಸ್ ಎಂಬ ಸೇವಾ ಸಂಸ್ಥೆಯ ಆಲ್ಬರ್ಟ್ ಓಲ್ನಿ ಮತ್ತು ಫ್ರಾಂಕ್ ವಿನ್ಸೆಂಟ್ ಇದನ್ನು ರೂಪಿಸಿದರು. ಮೊದಲು ಸೇರಿದವರು 11 ಹುಡುಗರು. ವಾರಕ್ಕೊಮ್ಮೆ ಮಧ್ಯಾಹ್ನದ ಊಟದ ಹೊತ್ತಿಗೆ ಸಭೆ. ಕಿವಾನಿಸ್ ಸದಸ್ಯರು ಬಂದು ಮಾತನಾಡುತ್ತಿದ್ದರು. ಅಂದಿನ ಒತ್ತು ಸಮಾಜಸೇವೆಗಿಂತ ಉದ್ಯೋಗ ಮಾರ್ಗದರ್ಶನದ ಮೇಲಿತ್ತು ಎಂಬುದು ಗಮನಾರ್ಹ. ಸೇವೆ ಮುನ್ನೆಲೆಗೆ ಬಂದದ್ದು ಕೆಲವು ವರ್ಷಗಳ ಬಳಿಕ. ಇಂಥ ಕ್ಲಬ್‌ಗಳು ಬೇರೆಡೆಗೂ ಹರಡಿದವು; 1939ರಲ್ಲಿ ಫ್ಲೋರಿಡಾದ ಕ್ಲಬ್‌ಗಳು ಒಂದುಗೂಡಿದವು. 1946ರಲ್ಲಿ ನ್ಯೂ ಆರ್ಲಿಯನ್ಸ್ ಸಮಾವೇಶದಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ರೂಪುಗೊಂಡಿತು. ಹುಡುಗಿಯರಿಗೆ ಅಧಿಕೃತವಾಗಿ ಬಾಗಿಲು ತೆರೆಯಲು ಮಾತ್ರ ಅರ್ಧ ಶತಮಾನವೇ ಹಿಡಿಯಿತು: ಅದು 1977. ಮಾತೃಸಂಸ್ಥೆಯಾದ ಕಿವಾನಿಸ್ ಮಹಿಳೆಯರನ್ನು ಸೇರಿಸಿಕೊಂಡದ್ದು ಇನ್ನೂ ಹತ್ತು ವರ್ಷ ತಡವಾಗಿ, 1987ರಲ್ಲಿ.