ಹುಡುಕಾಟಕ್ಕೆ ಸಿಗದ ಜನ

1800ರ ಶ್ರೀರಂಗಪಟ್ಟಣವನ್ನು ಕುರಿತು ಕಾದಂಬರಿ ಬರೆಯಲು ಹೊರಟವರಿಗೆ ಈಗ ಒಂದು ದೊಡ್ಡ ಅನುಕೂಲವಿದೆ. ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದ ಮೂರೂ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಟಿಪ್ಪು ಸುಲ್ತಾನ್ ಮಡಿದದ್ದು 1799ರ ಮೇ 4ರಂದು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಕಂಪನಿಯ ವೈದ್ಯ ಬುಕಾನನ್ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ರಾಗಿ ಬಿತ್ತುವ ಕ್ರಮ, ನೇಕಾರರ ಬಟ್ಟೆ, ಬಣ್ಣ ಹಾಕುವ ಬಗೆ, ಸಂತೆಯ ಸರಕು ಎಲ್ಲವೂ ಅದರಲ್ಲಿವೆ. ಆದರೆ ಹುಡುಕುವಾಗ ಇಂದಿನ ಕಾಗುಣಿತ ಸಾಲದು. ಶ್ರೀರಂಗಪಟ್ಟಣ ಅಲ್ಲಿ ‘ಸೆರಿಂಗಪಟಂ’. ಕೋಲಾರ, ಶಿರಾದಂಥ ಊರುಗಳನ್ನೂ ಆ ಕಾಲದ ಇಂಗ್ಲಿಷರ ಕಿವಿಗೆ ಬಿದ್ದಂತೆಯೇ ಹುಡುಕಬೇಕು. ಪದ ಸಿಕ್ಕ ಸಾಲನ್ನಷ್ಟೇ ಎತ್ತಿಕೊಂಡರೂ ಮೋಸ. ಹಿಂದಿನ ನಾಲ್ಕು ಪುಟ, ಮುಂದಿನ ನಾಲ್ಕು ಪುಟ ಓದಿದರೆ ಮಾತ್ರ ಅದು ಯಾವ ಊರಿನ, ಯಾವ ಜನರ ಸಂಗತಿ ಎಂಬುದು ತಿಳಿಯುತ್ತದೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ: ಬರೆದವನು ಯಾರು? ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರೆಂದೂ ತಾನು ಬಂದಾಗ ಸುಮಾರು 32 ಸಾವಿರ ಮಂದಿ ಉಳಿದಿದ್ದರೆಂದೂ ಬುಕಾನನ್ ಲೆಕ್ಕ ಕೊಡುತ್ತಾನೆ. ಮೊದಲನೆಯದು ಗೆದ್ದವರ ಕಡೆಯವನೊಬ್ಬನ ಅಂದಾಜು. ಅದನ್ನು ಹಾಗೆಯೇ ನಂಬಬೇಕಿಲ್ಲ. ಆದರೆ ಊರು ಬರಿದಾದದ್ದಂತೂ ನಿಜ. ಅರಮನೆಯನ್ನೂ ಸೈನ್ಯವನ್ನೂ ನಂಬಿ ಬದುಕಿದ್ದ ಲಾಳಗಾರ, ದರ್ಜಿ, ಕುದುರೆಗೆ ಹುಲ್ಲು ತರುತ್ತಿದ್ದ ಹೆಂಗಸು ಎಲ್ಲಿಗೆ ಹೋದರು? ಅವರ ಹೆಸರು ಹೊಡೆದು ಹುಡುಕಲು ಹೆಸರೇ ಉಳಿದಿಲ್ಲ.

ರೈತನ ಮಾತು ಉಳಿದಿರುವುದೂ ದುಭಾಷಿಯ ಬಾಯಿಂದ ಸಾಹೇಬನ ಲೇಖನಿಗೆ ಇಳಿದಷ್ಟು ಮಾತ್ರ. ಹೊಸ ದೊರೆಗಳ ಅಧಿಕಾರಿ ಎದುರಿಗೆ ಕೂತು ‘ಎಷ್ಟು ಬೆಳೆಯುತ್ತೀಯ?’ ಎಂದು ಕೇಳಿದಾಗ, ಕಂದಾಯಕ್ಕೆ ಹೆದರುವ ಯಾವ ರೈತ ಪೂರ್ತಿ ಲೆಕ್ಕ ಒಪ್ಪಿಸಿಯಾನು?

ಕಾದಂಬರಿಯ ಕೆಲಸ ಶುರುವಾಗುವುದು ಇಲ್ಲಿಯೇ. ತಾರೀಖು, ಬೆಳೆ, ಬಟ್ಟೆಗಳನ್ನು ದಾಖಲೆ ಇದ್ದಂತೆಯೇ ಇಡಬೇಕು. ಊರು ಬಿಟ್ಟವರ ದುಃಖವನ್ನು, ರೈತ ಹೇಳದೆ ಉಳಿಸಿಕೊಂಡ ಲೆಕ್ಕವನ್ನು ಕಲ್ಪನೆಯಿಂದ ಕಟ್ಟಬೇಕು. ಇತಿಹಾಸದ ಪುಸ್ತಕ ತೆರೆಯದವರೂ ಕಾದಂಬರಿ ಓದಿ ನಂಬುತ್ತಾರೆ. ಟಿಪ್ಪುವಿನ ಹೆಸರೆತ್ತಿದರೆ ಇಂದಿಗೂ ಜಗಳವಾಗುವ ನಾಡಿನಲ್ಲಿ ಆ ನಂಬಿಕೆ ಸಣ್ಣ ಹೊಣೆಯಲ್ಲ.